ತೆರೇಸಾ ಎಂಬ ಹೆಸರಿನ ಆರು ಸಂತರು: ಯಾರು ಯಾರು?

ಅಕ್ಟೋಬರ್ ತಿಂಗಳ ದೈವಾರಾಧನಾ ಪಂಚಾಂಗವನ್ನು ತೆರೆದರೆ ಎರಡು ವಾರಗಳ ಅಂತರದಲ್ಲಿ ಒಂದೇ ಹೆಸರು ಎರಡು ಸಲ ಕಾಣುತ್ತದೆ. 1ನೇ ತಾರೀಕಿಗೆ ಸಂತ ತೆರೇಸಾ, 15ನೇ ತಾರೀಕಿಗೆ ಮತ್ತೆ ಸಂತ ತೆರೇಸಾ. ಸೆಪ್ಟೆಂಬರ್ 5ಕ್ಕೆ ಇನ್ನೊಬ್ಬರು, ಆಗಸ್ಟ್ 9ಕ್ಕೆ ಮತ್ತೊಬ್ಬರು. ಹೀಗಿರುವಾಗ ಗೊಂದಲವಾಗುವುದು ಸಹಜ. ಒಬ್ಬರ ಹಬ್ಬಕ್ಕೆ ಇನ್ನೊಬ್ಬರ ಚಿತ್ರ ಇಡುವುದು, ಒಬ್ಬರು ಬರೆದ ಮಾತನ್ನು ಇನ್ನೊಬ್ಬರ ಹೆಸರಿನಲ್ಲಿ ಹೇಳುವುದು ನಮ್ಮ ಧರ್ಮಕೇಂದ್ರಗಳಲ್ಲಿ ಆಗಾಗ ನಡೆಯುತ್ತದೆ. 'ನಿನ್ನ ಪಾಲಕ ಸಂತೆ ಯಾರು?' ಎಂದು ತೆರೇಸಾ ಹೆಸರಿನ ಹುಡುಗಿಯನ್ನು ಕೇಳಿದರೆ ಅವಳಿಗೂ ಗೊತ್ತಿರುವುದಿಲ್ಲ, ಅವಳ ತಾಯಿ ತಂದೆಯರಿಗೂ ಗೊತ್ತಿರುವುದಿಲ್ಲ.

ಧರ್ಮೋಪದೇಶದ ಶಿಕ್ಷಕರು, ಪೂಜಾವಿಧಿ ಸಮಿತಿಯವರು ಮತ್ತು ಸಾಮಾನ್ಯ ಭಕ್ತರ ಉಪಯೋಗಕ್ಕಾಗಿ ಈ ಹೆಸರಿನ ಆರು ಮಂದಿ ಸಂತರ ವಿವರಗಳನ್ನು ಇಲ್ಲಿ ಒಟ್ಟಿಗೆ ಕೊಡಲಾಗಿದೆ. ಇವರೆಲ್ಲರಿಗೂ ಒಂದೇ ಹೆಸರು ಬಂದದ್ದು ಆಕಸ್ಮಿಕವಲ್ಲ ಎಂಬುದನ್ನು ಓದುಗರು ಮುಖ್ಯವಾಗಿ ಗಮನಿಸಬೇಕು. ಮೊದಲಿನವರ ಹೆಸರನ್ನು ನಂತರದವರು ದೀಕ್ಷಾಸ್ನಾನದಲ್ಲಿಯೋ ಮಠದಲ್ಲಿಯೋ ಪಡೆದುಕೊಂಡರು. ಆದರೆ ಒಬ್ಬರೂ ಇನ್ನೊಬ್ಬರ ನಕಲಾಗಲಿಲ್ಲ.

ಹೆಸರಿನ ಮೂಲ

ಮರಿಯಾ, ಎಲಿಜಬೆತ್, ಅನ್ನಾ ಎಂಬ ಹೆಸರುಗಳಂತೆ ತೆರೇಸಾ ಎಂಬುದು ಬೈಬಲಿನಲ್ಲಿ ಬರುವ ಹೆಸರಲ್ಲ. ಇದರ ಹಳೆಯ ರೂಪ ಥೆರಾಸಿಯಾ. ನಾಲ್ಕನೆಯ ಶತಮಾನದ ಕೊನೆಯಲ್ಲಿ ನೋಲಾದ ಸಂತ ಪೌಲಿನುಸರ ಪತ್ನಿಯಾಗಿದ್ದ ಸ್ಪೇನ್ ದೇಶದ ಮಹಿಳೆಯ ಹೆಸರು ಇದು. ತಮ್ಮ ಒಂದೇ ಮಗು ಹುಟ್ಟಿದ ಎಂಟು ದಿನಗಳಲ್ಲಿ ತೀರಿಕೊಂಡ ಮೇಲೆ ಈ ದಂಪತಿಗಳು ಆಸ್ತಿಯನ್ನು ಬಡವರಿಗೆ ಹಂಚಿ ವಿರಕ್ತ ಜೀವನ ನಡೆಸಿದರು. ಮುಂದೆ ನೂರಾರು ವರ್ಷ ಈ ಹೆಸರು ಹೆಚ್ಚಾಗಿ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿಯೇ ಉಳಿಯಿತು. ಲೋಕಕ್ಕೆಲ್ಲ ಹರಡಿದ್ದು ಆವಿಲಾದ ತೆರೇಸಾರವರಿಂದ. ಇದೇ ಹೆಸರು ಫ್ರೆಂಚ್ ಭಾಷೆಯಲ್ಲಿ ತೆರೇಸ್, ಜರ್ಮನ್ ಭಾಷೆಯಲ್ಲಿ ತೆರೇಸಿಯಾ, ಮಲಯಾಳದಲ್ಲಿ ತ್ರೇಸ್ಯಾ, ನಮ್ಮ ಕೊಂಕಣಿಯಲ್ಲಿ ತೆರೆಜಾ ಆಗಿದೆ.

1. ಆವಿಲಾದ ಸಂತ ತೆರೇಸಾ (1515–1582)

ಮಠದ ಹೆಸರು: ಯೇಸುವಿನ ತೆರೇಸಾ. ಸ್ಮರಣೆ: ಅಕ್ಟೋಬರ್ 15.

1515ರ ಮಾರ್ಚ್ 28ರಂದು ಸ್ಪೇನಿನ ಆವಿಲಾದಲ್ಲಿ ಜನಿಸಿದರು. ತಾಯಿಯ ತಾಯಿಯ ಹೆಸರನ್ನೇ ಇವರಿಗೆ ಇಟ್ಟರು. ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುವ ಪದ್ಧತಿ ನಮ್ಮ ಕರಾವಳಿಯ ಮನೆಗಳಿಗೂ ಹೊಸದಲ್ಲ. ತಂದೆಯ ಕಡೆಯ ಅಜ್ಜ ಯೆಹೂದ್ಯ ಮೂಲದಿಂದ ಕ್ರೈಸ್ತರಾದವರು. ಗುಟ್ಟಾಗಿ ಹಳೆಯ ಧರ್ಮವನ್ನು ಪಾಲಿಸಿದರೆಂದು 1485ರಲ್ಲಿ ತೊಲೇದೊ ಪಟ್ಟಣದಲ್ಲಿ ಇನ್ಕ್ವಿಸಿಷನ್ ನ್ಯಾಯಮಂಡಳಿಯ ಮುಂದೆ ಪ್ರಾಯಶ್ಚಿತ್ತ ಮಾಡಬೇಕಾಗಿ ಬಂದವರು.

1535ರಲ್ಲಿ ಆವಿಲಾದ ಕಾರ್ಮೆಲ್ ಮಠವನ್ನು ಸೇರಿದ ತೆರೇಸಾರವರು ಅನೇಕ ವರ್ಷ ಕಾಯಿಲೆಯಲ್ಲಿ ನರಳಿದರು. ಮಠದ ಜೀವನ ಸಡಿಲವಾಗಿದೆ ಎನಿಸಿ, 1562ರ ಆಗಸ್ಟ್ 24ರಂದು ಸಂತ ಜೋಸೆಫರ ಹೆಸರಿನಲ್ಲಿ ಒಂದು ಪುಟ್ಟ ಮಠವನ್ನು ತೆರೆದರು. ಅಲ್ಲಿಂದ ಇಪ್ಪತ್ತು ವರ್ಷ ಎತ್ತಿನ ಗಾಡಿಯಲ್ಲಿ, ಹೇಸರಗತ್ತೆಯ ಮೇಲೆ ಸ್ಪೇನಿನ ಉದ್ದಗಲ ಸಂಚರಿಸಿ ಒಟ್ಟು 17 ಮಠಗಳನ್ನು ಸ್ಥಾಪಿಸಿದರು. 1568ರಲ್ಲಿ ಶಿಲುಬೆಯ ಸಂತ ಯೊವಾನ್ನರ ಜೊತೆಗೂಡಿ ಪುರುಷರ ಶಾಖೆಗೂ ಕಾರಣರಾದರು. ಮಠದಲ್ಲಿ ಕುಳಿತುಕೊಳ್ಳದೆ ಊರೂರು ಅಲೆಯುವ ಹೆಂಗಸು ಎಂದು ಪೋಪರ ರಾಯಭಾರಿಯೇ ಇವರನ್ನು ಹಳಿದದ್ದುಂಟು. ಇವರ ಆತ್ಮಕಥೆಯ ಹಸ್ತಪ್ರತಿ ಇನ್ಕ್ವಿಸಿಷನ್ ಅಧಿಕಾರಿಗಳ ಕೈಸೇರಿತು. ಅವರು ಬದುಕಿದ್ದಾಗ ಅದು ಅಚ್ಚಾಗಲೇ ಇಲ್ಲ. 1588ರಲ್ಲಿ ಸಲಮಾಂಕಾದಲ್ಲಿ ಪ್ರಕಟವಾಯಿತು. 1577ರಲ್ಲಿ ಬರೆದ 'ಅಂತರಂಗದ ಕೋಟೆ' ಎಂಬ ಗ್ರಂಥ ಪ್ರಾರ್ಥನೆಯ ಬಗ್ಗೆ ಧರ್ಮಸಭೆಯಲ್ಲಿರುವ ಶ್ರೇಷ್ಠ ಕೃತಿಗಳಲ್ಲಿ ಒಂದು.

ಇವರ ಮರಣದ ದಿನಾಂಕದಲ್ಲಿ ಒಂದು ವಿಶೇಷವಿದೆ. 1582ರ ಅಕ್ಟೋಬರ್ 4ರ ರಾತ್ರಿ ಆಲ್ಬಾ ದೆ ತೋರ್ಮೆಸ್ ಎಂಬಲ್ಲಿ ಇವರು ಕೊನೆಯುಸಿರೆಳೆದರು. ಅದೇ ರಾತ್ರಿ ಸ್ಪೇನಿನಲ್ಲಿ ಹೊಸ ಗ್ರೆಗೋರಿಯನ್ ಕ್ಯಾಲೆಂಡರ್ ಜಾರಿಗೆ ಬಂದು ಹತ್ತು ದಿನಗಳನ್ನು ಬಿಟ್ಟುಬಿಡಲಾಯಿತು. ಆದ್ದರಿಂದ ಮರುದಿನ ಅಕ್ಟೋಬರ್ 15 ಆಯಿತು. ಹಬ್ಬವೂ ಅಂದೇ.

1622ರ ಮಾರ್ಚ್ 12ರಂದು ಸಂತ ಲೊಯೋಲಾದ ಇಗ್ನಾಸಿ, ಸಂತ ಫ್ರಾನ್ಸಿಸ್ ಜೇವಿಯರ್ ಮೊದಲಾದವರ ಜೊತೆ ಸಂತ ಪದವಿಗೇರಿದರು. 1970ರ ಸೆಪ್ಟೆಂಬರ್ 27ರಂದು ಪೋಪ್ ಆರನೇ ಪಾಲರು ಇವರನ್ನು 'ಧರ್ಮಸಭೆಯ ಪಂಡಿತೆ' ಎಂದು ಘೋಷಿಸಿದರು. ಈ ಗೌರವ ಪಡೆದ ಮೊದಲ ಮಹಿಳೆ ಇವರೇ.

ನಮ್ಮ ಕರಾವಳಿಗೂ ಇವರಿಗೂ ನೇರ ನಂಟಿದೆ. 1870ರಲ್ಲಿ ಫ್ರಾನ್ಸಿನಿಂದ ಹಡಗು ಹತ್ತಿ ಮಂಗಳೂರಿಗೆ ಬಂದ ಕಾರ್ಮೆಲ್ ಭಗಿನಿಯರು ಇವರ ಸುಧಾರಣೆಗೆ ಸೇರಿದವರು. ಅವರ ಜೊತೆ ಬಂದ ಪ್ಯಾಲೆಸ್ತೀನಿನ ಮರಿಯಂ ಬವಾರ್ದಿಯವರು 1871ರಲ್ಲಿ ಮಂಗಳೂರಿನ ಮಠದಲ್ಲಿಯೇ ವ್ರತ ಸ್ವೀಕರಿಸಿದರು. 2015ರಲ್ಲಿ ಅವರೂ ಸಂತರಾದರು.

2. ಲಿಸಿಯೂದ ಸಂತ ತೆರೇಸಾ (1873–1897)

ಮಠದ ಹೆಸರು: ಬಾಲಯೇಸುವಿನ ಹಾಗೂ ಪವಿತ್ರ ಮುಖದ ತೆರೇಸಾ. ಸ್ಮರಣೆ: ಅಕ್ಟೋಬರ್ 1.

ನಮ್ಮಲ್ಲಿ 'ಲಿಟಲ್ ಫ್ಲವರ್' ಎಂದೇ ಪರಿಚಿತರು. 1873ರ ಜನವರಿ 2ರಂದು ಫ್ರಾನ್ಸಿನ ಅಲಾಂಸೋನಿನಲ್ಲಿ ಲೂಯಿ ಮತ್ತು ಝೆಲಿ ಮಾರ್ಟಿನ್ ದಂಪತಿಗಳ ಕೊನೆಯ ಮಗಳಾಗಿ ಜನಿಸಿದರು. ಇವರಿಗಿಂತ ಮೊದಲು, 1870ರಲ್ಲಿ ಹುಟ್ಟಿ ಎರಡು ತಿಂಗಳಾಗುವ ಮೊದಲೇ ತೀರಿಕೊಂಡ ಅಕ್ಕನ ಹೆಸರಿನಲ್ಲೂ ತೆರೇಸ್ ಎಂಬುದಿತ್ತು. ತೀರಿಹೋದ ಮಗುವಿನ ಹೆಸರನ್ನೇ ತಾಯಿ ಮತ್ತೆ ಇಟ್ಟರು.

ಒಂಬತ್ತು ವರ್ಷದವರಿದ್ದಾಗ, ಅಕ್ಕ ಪೌಲೀನ್ ಕಾರ್ಮೆಲ್ ಸೇರಲು ಹೊರಟ ಕಾಲದಲ್ಲಿ, ತನಗೆ ಮಠದಲ್ಲಿ ಯಾವ ಹೆಸರು ಸಿಕ್ಕೀತು ಎಂದು ಬಾಲಕಿ ಯೋಚಿಸಿದಳು. ಯೇಸುವಿನ ತೆರೇಸಾ ಎಂಬ ಹೆಸರಿನವರು ಆಗಲೇ ಇದ್ದಾರೆ. ಆದರೆ ತನ್ನ ತೆರೇಸ್ ಎಂಬ ಹೆಸರನ್ನು ಬಿಡಲು ಮನಸ್ಸಿಲ್ಲ. ಬಾಲಯೇಸುವಿನ ತೆರೇಸಾ ಎಂದಾಗಬಾರದೇಕೆ ಎಂದುಕೊಂಡಳು. ಯಾರಿಗೂ ಹೇಳದಿದ್ದ ಆ ಹೆಸರನ್ನೇ ಮಠದ ಮುಖ್ಯಸ್ಥೆ ತಾವಾಗಿ ಸೂಚಿಸಿದರು. ಈ ಸಂಗತಿಯನ್ನು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

1888ರ ಏಪ್ರಿಲ್ 9ರಂದು, ಹದಿನೈದನೇ ವಯಸ್ಸಿನಲ್ಲಿ ಲಿಸಿಯೂದ ಕಾರ್ಮೆಲ್ ಸೇರಿದರು. ಸಾಯುವವರೆಗೆ ಆ ಮಠದ ಗೋಡೆ ದಾಟಲಿಲ್ಲ. ಬಟ್ಟೆ ಒಗೆಯುವಾಗ ಮುಖಕ್ಕೆ ಕೊಳೆನೀರು ಎರಚುವ ಭಗಿನಿಯನ್ನು ಸಹಿಸುವುದು, ಮುಂಗೋಪದ ವೃದ್ಧ ಭಗಿನಿಯನ್ನು ಕೈಹಿಡಿದು ಊಟದ ಕೋಣೆಗೆ ನಡೆಸುವುದು, ಇಂಥ ಸಣ್ಣ ಕೆಲಸಗಳನ್ನು ಪ್ರೀತಿಯಿಂದ ಮಾಡುವುದೇ ಅವರ 'ಕಿರುದಾರಿ'. 1896ರ ಈಸ್ಟರ್ ಸಮಯದಿಂದ ಸ್ವರ್ಗವೇ ಇಲ್ಲವೇನೋ ಎಂಬ ಕತ್ತಲೆ ಅವರ ಮನಸ್ಸನ್ನು ಕವಿಯಿತು. ಆ ಕತ್ತಲೆಯಲ್ಲಿಯೇ ಕ್ಷಯರೋಗದಿಂದ ನರಳಿ 1897ರ ಸೆಪ್ಟೆಂಬರ್ 30ರಂದು, 24ನೇ ವಯಸ್ಸಿನಲ್ಲಿ ತೀರಿಕೊಂಡರು.

ಮರುವರ್ಷ ಪ್ರಕಟವಾದ 'ಒಂದು ಆತ್ಮದ ಕಥೆ' ಅವರನ್ನು ಲೋಕಕ್ಕೆ ಪರಿಚಯಿಸಿತು. 1925ರ ಮೇ 17ರಂದು ಸಂತ ಪದವಿ ದೊರೆಯಿತು. 1927ರಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ಜೊತೆಗೆ ಧರ್ಮಪ್ರಚಾರ ಕಾರ್ಯದ ಪಾಲಕರೆಂದು ಘೋಷಿತರಾದರು. ಸಮುದ್ರಗಳನ್ನು ದಾಟಿ ಬಂದ ಜೇವಿಯರ್ ಒಂದು ಕಡೆ, ಮಠದ ಬಾಗಿಲು ದಾಟದ ತೆರೇಸಾ ಇನ್ನೊಂದು ಕಡೆ. 1997ರ ಅಕ್ಟೋಬರ್ 19ರಂದು ಪೋಪ್ ಎರಡನೇ ಜಾನ್ ಪಾಲರು ಇವರನ್ನೂ ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು. ಇವರ ತಾಯಿ ತಂದೆಯರೂ 2015ರಲ್ಲಿ ಸಂತರಾದರು.

3. ಸಂತ ಮರಿಯಂ ತ್ರೇಸ್ಯಾ (1876–1926)

ಸ್ಮರಣೆ: ಜೂನ್ 8.

ನಮ್ಮ ನೆರೆಯ ಕೇರಳದ ತೃಶ್ಶೂರು ಜಿಲ್ಲೆಯ ಪುತ್ತನ್‌ಚಿರ ಗ್ರಾಮದವರು. 1876ರ ಏಪ್ರಿಲ್ 26ರಂದು ಜನಿಸಿದರು. ಮೇ 3ರಂದು ದೀಕ್ಷಾಸ್ನಾನದಲ್ಲಿ ತ್ರೇಸ್ಯಾ ಎಂಬ ಹೆಸರು ಬಂತು. ಆಗ ಲಿಸಿಯೂದ ತೆರೇಸಾ ಇನ್ನೂ ಮೂರು ವರ್ಷದ ಮಗು. ಹಾಗಾಗಿ ಈ ತ್ರೇಸ್ಯಾರ ಪಾಲಕಿ ಆವಿಲಾದವರು. 1904ರಿಂದ ಹೆಸರಿನ ಮುಂದೆ ಮರಿಯಂ ಎಂದು ಸೇರಿಸಿಕೊಂಡರು.

ಒಮ್ಮೆ ಅನುಕೂಲವಾಗಿದ್ದ ಮನೆತನ ಅದು. ಅಜ್ಜ ಏಳು ಹೆಣ್ಣುಮಕ್ಕಳ ವರದಕ್ಷಿಣೆಗಾಗಿ ಆಸ್ತಿ ಮಾರಿದ್ದರಿಂದ ಬಡತನ ಬಂತು. ಹನ್ನೆರಡನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ತ್ರೇಸ್ಯಾರ ಶಾಲೆಯ ಓದು ನಿಂತಿತು. ಮುಂದೆ ಮೂವರು ಗೆಳತಿಯರೊಂದಿಗೆ ಮನೆಮನೆಗೆ ಹೋಗಿ ಕುಷ್ಠ, ಸಿಡುಬು ಹಿಡಿದವರ ಆರೈಕೆ ಮಾಡಿದರು. ಅನಾಥ ಮಕ್ಕಳನ್ನು ನೋಡಿಕೊಂಡರು. ಒಡೆದ ಸಂಸಾರಗಳನ್ನು ಕೂಡಿಸಲು ದುಡಿದರು. ಗಂಡಸರ ಜೊತೆಯಿಲ್ಲದೆ ಹೆಂಗಸರು ಬೀದಿಯಲ್ಲಿ ಓಡಾಡುವುದೇ ದೊಡ್ಡ ಮಾತಾಗುತ್ತಿದ್ದ ಕಾಲವದು. ಟೀಕೆಗಳಿಗೆ ಅವರು ಅಂಜಲಿಲ್ಲ. 1914ರ ಮೇ 14ರಂದು ವಂದನೀಯ ಜೋಸೆಫ್ ವಿದಯತ್ತಿಲ್ ಅವರ ಮಾರ್ಗದರ್ಶನದಲ್ಲಿ ಪವಿತ್ರ ಕುಟುಂಬದ ಭಗಿನಿಯರ ಸಂಸ್ಥೆಯನ್ನು ಆರಂಭಿಸಿದರು.

ಕಾಲಿನ ಗಾಯ ಮಧುಮೇಹದ ಕಾರಣ ವಾಸಿಯಾಗದೆ 1926ರ ಜೂನ್ 8ರಂದು ತೀರಿಕೊಂಡರು. 2000ದ ಏಪ್ರಿಲ್ 9ರಂದು ಪುನೀತೆ ಎಂದೂ, 2019ರ ಅಕ್ಟೋಬರ್ 13ರಂದು ಸಂತ ಜಾನ್ ಹೆನ್ರಿ ನ್ಯೂಮನ್ ಮೊದಲಾದವರ ಜೊತೆ ಸಂತೆ ಎಂದೂ ಘೋಷಿತರಾದರು.

4. ಆಂಡೀಸ್‌ನ ಸಂತ ತೆರೇಸಾ (1900–1920)

ಮಠದ ಹೆಸರು: ಯೇಸುವಿನ ತೆರೇಸಾ. ಕಾರ್ಮೆಲ್ ಸಭೆಯಲ್ಲಿ ಸ್ಮರಣೆ: ಜುಲೈ 13.

ದಕ್ಷಿಣ ಅಮೆರಿಕದ ಚಿಲಿ ದೇಶದ ಮೊದಲ ಸಂತೆ. 1900ರ ಜುಲೈ 13ರಂದು ರಾಜಧಾನಿ ಸಾಂತಿಯಾಗೊದಲ್ಲಿ ಶ್ರೀಮಂತ ಕುಟುಂಬದಲ್ಲಿ ಜನಿಸಿದ ಇವರ ಹೆಸರು ಹುವಾನಾ ಫೆರ್ನಾಂದೆಸ್ ಸೊಲಾರ್. ಈಜು, ಟೆನಿಸ್, ಕುದುರೆ ಸವಾರಿ ಎಂದರೆ ಬಲು ಇಷ್ಟ. ಲಿಸಿಯೂದ ತೆರೇಸಾರ ಆತ್ಮಕಥೆಯನ್ನು ಹುಡುಗಿಯಾಗಿದ್ದಾಗಲೇ ಓದಿ ಮನಸೋತಿದ್ದರು.

1919ರ ಮೇ 7ರಂದು ಆಂಡೀಸ್ ಪರ್ವತದ ತಪ್ಪಲಿನ ಲೋಸ್ ಆಂದೆಸ್ ಪಟ್ಟಣದ ಬಡ ಕಾರ್ಮೆಲ್ ಮಠವನ್ನು ಸೇರಿ, ಆವಿಲಾದವರ ಮಠದ ಹೆಸರನ್ನೇ ಪಡೆದರು. ಒಂದು ವರ್ಷವೂ ತುಂಬಲಿಲ್ಲ, ಟೈಫಸ್ ಜ್ವರ ತಗಲಿತು. ಸಾವು ಹತ್ತಿರವಾದ್ದರಿಂದ ನವಶಿಷ್ಯೆಯ ಅವಧಿ ಮುಗಿಯುವ ಮೊದಲೇ ವ್ರತ ಸ್ವೀಕರಿಸಲು ಅನುಮತಿ ಸಿಕ್ಕಿತು. 1920ರ ಏಪ್ರಿಲ್ 12ರಂದು, ಇಪ್ಪತ್ತು ತುಂಬುವ ಮೊದಲೇ ತೀರಿಕೊಂಡರು. ಮಠ ಕಟ್ಟಲಿಲ್ಲ, ಗ್ರಂಥ ಬರೆಯಲಿಲ್ಲ. ಉಳಿದದ್ದು ದಿನಚರಿ ಮತ್ತು ಪತ್ರಗಳು ಮಾತ್ರ. 1993ರ ಮಾರ್ಚ್ 21ರಂದು ಸಂತ ಪದವಿ ದೊರೆಯಿತು. ನಮ್ಮ ಯುವಜನರಿಗೆ ಇವರ ಪರಿಚಯ ಆಗಬೇಕು.

5. ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟಾ (1891–1942)

ಮೂಲ ಹೆಸರು: ಎಡಿತ್ ಸ್ಟೈನ್. ಸ್ಮರಣೆ: ಆಗಸ್ಟ್ 9.

ಅಂದು ಜರ್ಮನಿಯಲ್ಲಿದ್ದ, ಇಂದು ಪೋಲೆಂಡಿಗೆ ಸೇರಿರುವ ಬ್ರೆಸ್ಲಾವ್ ನಗರದಲ್ಲಿ 1891ರ ಅಕ್ಟೋಬರ್ 12ರಂದು ಭಕ್ತ ಯೆಹೂದ್ಯ ಕುಟುಂಬದಲ್ಲಿ ಜನಿಸಿದರು. ಹದಿಹರೆಯದಲ್ಲಿ ಪ್ರಾರ್ಥನೆಯನ್ನು ಕೈಬಿಟ್ಟರು. ತತ್ವಶಾಸ್ತ್ರಜ್ಞ ಎಡ್ಮಂಡ್ ಹುಸ್ಸೆರ್ಲ್ ಅವರ ಶಿಷ್ಯೆಯಾಗಿ, ಪರರ ಅನುಭವವನ್ನು ನಾವು ಅರಿಯುವ ಬಗೆಯ ಕುರಿತು ಪ್ರಬಂಧ ಬರೆದು 1916ರಲ್ಲಿ ಡಾಕ್ಟರೇಟ್ ಪಡೆದರು. 1921ರ ಬೇಸಿಗೆಯಲ್ಲಿ ಗೆಳತಿಯ ಮನೆಯಲ್ಲಿ ಆವಿಲಾದ ತೆರೇಸಾರ ಆತ್ಮಕಥೆ ಕೈಗೆ ಸಿಕ್ಕಿತು. ಆ ಓದು ಅವರ ದಾರಿಯನ್ನು ನಿರ್ಧರಿಸಿತು. 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದಾಗ ತೆರೇಸಿಯಾ ಎಂಬ ಹೆಸರನ್ನೂ ತೆಗೆದುಕೊಂಡರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಯೆಹೂದ್ಯರೆಂಬ ಕಾರಣಕ್ಕೆ ಬೋಧನೆಯ ಕೆಲಸ ಹೋಯಿತು. ಯೆಹೂದ್ಯರ ಮೇಲಿನ ಹಿಂಸೆಯ ವಿರುದ್ಧ ಧರ್ಮಸಭೆ ದನಿ ಎತ್ತಬೇಕೆಂದು ಅದೇ ವರ್ಷ ಪೋಪ್ ಹನ್ನೊಂದನೇ ಪಿಯುಸರಿಗೆ ಪತ್ರ ಬರೆದರು. ಅಕ್ಟೋಬರ್ 14ರಂದು ಕಲೋನ್ ನಗರದ ಕಾರ್ಮೆಲ್ ಸೇರಿದರು. 1938ರ ಕೊನೆಯ ದಿನ ಸುರಕ್ಷತೆಗಾಗಿ ಹಾಲೆಂಡಿನ ಎಖ್ಟ್ ಮಠಕ್ಕೆ ಹೋದರು. ಯೆಹೂದ್ಯರ ಗಡೀಪಾರನ್ನು ಖಂಡಿಸಿ ಹಾಲೆಂಡಿನ ಧರ್ಮಾಧ್ಯಕ್ಷರು ಹೊರಡಿಸಿದ ಪತ್ರವನ್ನು 1942ರ ಜುಲೈ 26ರಂದು ಚರ್ಚುಗಳಲ್ಲಿ ಓದಲಾಯಿತು. ಅದಕ್ಕೆ ಸೇಡಾಗಿ ಕಥೋಲಿಕರಾಗಿದ್ದ ಯೆಹೂದ್ಯ ಮೂಲದವರನ್ನು ಬಂಧಿಸಲಾಯಿತು. ಆಗಸ್ಟ್ 2ರಂದು ಇವರನ್ನೂ ಅಕ್ಕ ರೋಸಾರನ್ನೂ ಹಿಡಿದೊಯ್ದರು. ಆಗಸ್ಟ್ 9ರಂದು ಆಶ್ವಿಟ್ಸ್‌ನಲ್ಲಿ ಕೊಂದರು.

1998ರ ಅಕ್ಟೋಬರ್ 11ರಂದು ಸಂತ ಪದವಿ ದೊರೆತು, 1999ರಲ್ಲಿ ಯುರೋಪಿನ ಸಹಪಾಲಕಿಯರಲ್ಲಿ ಒಬ್ಬರಾದರು. ಇವರನ್ನು ಕೊಂದದ್ದು ಯೆಹೂದ್ಯಳೆಂಬ ಕಾರಣಕ್ಕೆ ಎಂದು ಯೆಹೂದ್ಯ ಬಂಧುಗಳು ನೆನಪಿಸುತ್ತಾರೆ. ಆ ನೋವನ್ನು ಗೌರವಿಸಿಯೇ ನಾವು ಇವರ ಕಥೆಯನ್ನು ಹೇಳಬೇಕು.

6. ಕೋಲ್ಕತ್ತಾದ ಸಂತ ತೆರೇಸಾ (1910–1997)

ಮೂಲ ಹೆಸರು: ಆಂಜೆಸ್ ಗೊಂಜಾ ಬೊಯಾಜಿಯು. ಸ್ಮರಣೆ: ಸೆಪ್ಟೆಂಬರ್ 5.

ಮದರ್ ತೆರೇಸಾರನ್ನು ಅರಿಯದವರಿಲ್ಲ. ಆದರೆ ಅವರ ಹೆಸರು ಯಾವ ತೆರೇಸಾರದು ಎಂದು ಕೇಳಿದರೆ ಅನೇಕರು ಆವಿಲಾದವರದು ಎನ್ನುತ್ತಾರೆ. ಅದು ಸರಿಯಲ್ಲ. 1910ರ ಆಗಸ್ಟ್ 26ರಂದು ಸ್ಕೋಪ್ಯೆ ನಗರದ ಅಲ್ಬೇನಿಯನ್ ಕುಟುಂಬದಲ್ಲಿ ಜನಿಸಿದ ಇವರು 1928ರಲ್ಲಿ ಲೊರೆಟೊ ಭಗಿನಿಯರನ್ನು ಸೇರಲು ಮನೆ ಬಿಟ್ಟರು. ಮತ್ತೆಂದೂ ತಾಯಿಯ ಮುಖ ನೋಡಲು ಆಗಲಿಲ್ಲ. ಆಗಷ್ಟೇ ಸಂತರಾಗಿ, ಧರ್ಮಪ್ರಚಾರದ ಪಾಲಕಿಯಾಗಿದ್ದ ಲಿಸಿಯೂದ ತೆರೇಸಾರ ಹೆಸರನ್ನು ಆರಿಸಿಕೊಂಡರು. ಸಭೆಯಲ್ಲಿ ಫ್ರೆಂಚ್ ರೂಪದ ಹೆಸರಿನ ಇನ್ನೊಬ್ಬ ಭಗಿನಿ ಆಗಲೇ ಇದ್ದುದರಿಂದ ಸ್ಪ್ಯಾನಿಷ್ ರೂಪವನ್ನು ಇಟ್ಟುಕೊಂಡರು. ದೊಡ್ಡ ತೆರೇಸಾರ ಹೆಸರಲ್ಲ, ಪುಟ್ಟ ತೆರೇಸಾರ ಹೆಸರು ತನ್ನದು ಎಂದು ಅವರೇ ಬಿಡಿಸಿ ಹೇಳುತ್ತಿದ್ದರು.

1929ರಲ್ಲಿ ಭಾರತಕ್ಕೆ ಬಂದು ಕೋಲ್ಕತ್ತಾದಲ್ಲಿ ಶಿಕ್ಷಕಿಯಾದರು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಬಡವರಲ್ಲಿ ಬಡವರ ಸೇವೆಗೆ ಕರೆ ಕೇಳಿದರು. 1948ರಲ್ಲಿ ನೀಲಿ ಅಂಚಿನ ಬಿಳಿ ಸೀರೆಯುಟ್ಟು ಹೊರಬಂದರು. 1950ರ ಅಕ್ಟೋಬರ್ 7ರಂದು ಮಿಷನರೀಸ್ ಆಫ್ ಚಾರಿಟಿ ಸಂಸ್ಥೆ ಆರಂಭವಾಯಿತು. 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ, 1980ರಲ್ಲಿ ಭಾರತ ರತ್ನ ಬಂದವು. 1997ರ ಸೆಪ್ಟೆಂಬರ್ 5ರಂದು ನಿಧನರಾದರು. 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ, ಹತ್ತಾರು ವರ್ಷ ದೇವರ ಸಾನ್ನಿಧ್ಯವೇ ಅನುಭವಕ್ಕೆ ಬಾರದ ಕತ್ತಲೆಯಲ್ಲಿ ಅವರು ಸೇವೆ ಮಾಡಿದರೆಂದು ತಿಳಿದುಬಂತು. ಲಿಸಿಯೂದವರಿಂದ ಹೆಸರು ಪಡೆದವರು ಅವರ ಕತ್ತಲೆಯನ್ನೂ ಹಂಚಿಕೊಂಡರು. 2016ರ ಸೆಪ್ಟೆಂಬರ್ 4ರಂದು ಸಂತರಾದರು. 2025ರ ಫೆಬ್ರವರಿಯಲ್ಲಿ ಪ್ರಕಟವಾದ ಆದೇಶದಂತೆ ಅವರ ಹಬ್ಬ ಇಡೀ ಧರ್ಮಸಭೆಯ ಪಂಚಾಂಗದಲ್ಲಿ ಐಚ್ಛಿಕ ಸ್ಮರಣೆಯಾಗಿ ಸೇರಿದೆ.

ಚಿತ್ರಗಳಲ್ಲಿ ಗುರುತಿಸುವುದು ಹೇಗೆ?

ಆವಿಲಾದ ತೆರೇಸಾ: ಕಾರ್ಮೆಲ್ ಉಡುಪು, ಕೈಯಲ್ಲಿ ಗ್ರಂಥ ಮತ್ತು ಗರಿಯ ಲೇಖನಿ, ಕೆಲವೊಮ್ಮೆ ಪಾರಿವಾಳ, ಅಥವಾ ಎದೆಗೆ ನಾಟುವ ಬಾಣ.

ಲಿಸಿಯೂದ ತೆರೇಸಾ: ಅದೇ ಉಡುಪು, ಕೈಯಲ್ಲಿ ಶಿಲುಬೆ ಮತ್ತು ಗುಲಾಬಿ ಹೂಗಳು. ಗುಲಾಬಿ ಇದ್ದರೆ ಅಕ್ಟೋಬರ್ 1, ಗ್ರಂಥ ಇದ್ದರೆ ಅಕ್ಟೋಬರ್ 15 ಎಂದು ನೆನಪಿಟ್ಟರೆ ಸಾಕು.

ತೆರೇಸಾ ಬೆನೆಡಿಕ್ಟಾ: ಕಾರ್ಮೆಲ್ ಉಡುಪಿನ ಜೊತೆ ಹಳದಿ ನಕ್ಷತ್ರ.

ಕೋಲ್ಕತ್ತಾದ ತೆರೇಸಾ: ನೀಲಿ ಅಂಚಿನ ಬಿಳಿ ಸೀರೆ, ಎಡ ಭುಜದಲ್ಲಿ ಚಿಕ್ಕ ಶಿಲುಬೆ.

ಹಿರಿಯರು ಲಿಟಲ್ ಫ್ಲವರ್ ಹಬ್ಬ ಅಕ್ಟೋಬರ್ 3ರಂದು ಎನ್ನುವುದನ್ನು ಕೇಳಿರಬಹುದು. ಅದೂ ತಪ್ಪಲ್ಲ. 1969ರ ಪಂಚಾಂಗ ಸುಧಾರಣೆಯವರೆಗೆ ಹಬ್ಬ ಅಂದೇ ಇತ್ತು.

ನಿಮ್ಮ ಮನೆಯ ತೆರೇಸಾ ಯಾರ ಹೆಸರಿನವರು?

ಮನೆಯಲ್ಲಿ ತೆರೇಸಾ, ತೆರೆಜಾ ಎಂಬ ಹೆಸರಿನವರಿದ್ದರೆ ಒಂದು ಸರಳ ಲೆಕ್ಕವಿದೆ. 1898ಕ್ಕಿಂತ ಮೊದಲು ಲಿಸಿಯೂದವರ ಹೆಸರು ಹೊರಗೆ ಯಾರಿಗೂ ಗೊತ್ತಿರಲಿಲ್ಲ; 1925ರವರೆಗೆ ಅವರು ಸಂತರಾಗಿರಲಿಲ್ಲ. ಆದ್ದರಿಂದ ಹಳೆಯ ದೀಕ್ಷಾಸ್ನಾನದ ದಾಖಲೆಗಳಲ್ಲಿ ಕಾಣುವ ತೆರೆಜಾ ಎಂಬ ಹೆಸರು ಬಹುಮಟ್ಟಿಗೆ ಆವಿಲಾದವರದು. 1925ರ ನಂತರ ಹುಟ್ಟಿದವರು ಹಿರಿಯರನ್ನು ಕೇಳಬೇಕು. ಜನ್ಮದಿನ ಅಕ್ಟೋಬರ್ ಮೊದಲ ವಾರದಲ್ಲಿದ್ದರೆ ಅದೇ ಒಂದು ಸುಳಿವು. ಅಜ್ಜಿಯಿಂದ ಬಂದ ಹೆಸರಾದರೆ ಅಜ್ಜಿಯ ಪಾಲಕಿಯೇ ಮೊಮ್ಮಗಳಿಗೂ ಪಾಲಕಿ.

ಮಗುವಿಗೆ ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಇಡದಂತೆ ತಾಯಿ ತಂದೆ, ಜ್ಞಾನ ತಾಯಿ ತಂದೆ ಮತ್ತು ಧರ್ಮಗುರುಗಳು ನೋಡಿಕೊಳ್ಳಬೇಕು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 855ನೇ ನಿಯಮ ಹೇಳುತ್ತದೆ. ಹೆಸರು ಸರಿಯಾಗಿದ್ದರೆ ಮಾತ್ರ ಸಾಲದು, ಅದು ಯಾರದು ಎಂಬುದೂ ತಿಳಿದಿರಬೇಕು. ಎಡಿತ್ ಸ್ಟೈನ್ ಆ ಹೆಸರನ್ನು ತೆಗೆದುಕೊಂಡದ್ದು ಆವಿಲಾದವರ ಜೀವನ ಓದಿ. ಮದರ್ ತೆರೇಸಾ ತೆಗೆದುಕೊಂಡದ್ದು ಲಿಸಿಯೂದವರನ್ನು ಬಲ್ಲವರಾಗಿ. ಹಾಗಿದ್ದರೂ ಒಬ್ಬರು ಮಠ ಕಟ್ಟಿದರು, ಒಬ್ಬರು ಮಠ ಬಿಟ್ಟು ಬೀದಿಗಿಳಿದರು. ಒಬ್ಬರು ಗ್ರಂಥ ಬರೆದರು, ಒಬ್ಬರು ರೋಗಿಗಳ ಹುಣ್ಣು ತೊಳೆದರು.

ಧರ್ಮಕೇಂದ್ರಗಳಲ್ಲಿ ದೀಕ್ಷಾಸ್ನಾನದ ಸಿದ್ಧತೆಗೆ ಬರುವ ತಾಯಿ ತಂದೆಯರನ್ನು 'ಯಾವ ತೆರೇಸಾ?' ಎಂದು ದಯವಿಟ್ಟು ಕೇಳಿರಿ. ಉತ್ತರವನ್ನು ಮನೆಯ ಬೈಬಲಿನ ಮೊದಲ ಪುಟದಲ್ಲಿ ಮಗುವಿನ ಹೆಸರಿನ ಜೊತೆ ಬರೆದಿಡಲು ಹೇಳಿರಿ. ಮಗು ದೊಡ್ಡವಳಾಗಿ ಪ್ರಥಮ ಪರಮಪ್ರಸಾದಕ್ಕೆ ಸಿದ್ಧಳಾಗುವಾಗ, ಆ ಹೆಸರಿನ ಹಿಂದಿನ ಕಥೆಯನ್ನು ಮನೆಯವರೇ ಅವಳಿಗೆ ಹೇಳಬಹುದು.